ವರ್ಷಕ್ಕೆ ಎರಡು ಸಲ ಚಷ್ಮಾ ನಂಬರ್ ಬದಲಾಗ್ತಿದೆಯಾ? ಕಣ್ಣು ಉಜ್ಜೋ ಮಕ್ಕಳ ಕಾರ್ನಿಯಾ ಒಮ್ಮೆ ಪರೀಕ್ಷೆ ಮಾಡಿಸಿ

ಹಾವೇರಿ: ಬೇಸಿಗೆ ಬಂತೆಂದರೆ ಮೆಡಿಕಲ್ ಶಾಪ್‌ಗಳ ಕೌಂಟರ್‌ನಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತೆ. "ಅಣ್ಣಾರ, ಹುಡುಗನ ಕಣ್ಣು ಭಾಳ ಕಡೀತಾವ, ಒಂದು ಡ್ರಾಪ್ಸ್ ಕೊಡ್ರಿ." ಸಣ್ಣ ಬಾಟಲಿ ಕೈಗೆ ಬರುತ್ತೆ, ಎರಡು ದಿನದಲ್ಲಿ ಕೆಂಪು ಇಳಿಯುತ್ತೆ, ಮನೆಯವರಿಗೆ ಸಮಾಧಾನ. ಜೂನ್‌ನಲ್ಲಿ ಶಾಲೆ, ಕಾಲೇಜು ಶುರುವಾದ ಮೇಲೆ ಅದೇ ಹುಡುಗ "ಬೋರ್ಡ್ ಮೇಲಿನ ಅಕ್ಷರ ಎರಡೆರಡು ಕಾಣ್ತಾವ" ಅಂತಾನೆ. ಆಗ ಆಪ್ಟಿಕಲ್ಸ್ ಅಂಗಡಿಗೆ ಹೋಗಿ ಗ್ಲಾಸ್ ಬದಲಾಯಿಸಿಕೊಂಡು ಬರ್ತಾರೆ. ಆರು ತಿಂಗಳಿಗೆ ಮತ್ತೆ ನಂಬರ್ ಬದಲು.

ತುರಿಕೆ ಒಂದು ಅಂಗಡಿಯ ವಿಷಯ, ನಂಬರ್ ಇನ್ನೊಂದು ಅಂಗಡಿಯ ವಿಷಯ ಅಂತ ಎಲ್ಲರೂ ನಡೆದುಕೊಳ್ಳುತ್ತಿದ್ದಾರೆ. ಆದರೆ ಕೆಲವು ಮಕ್ಕಳಲ್ಲಿ ಇವೆರಡೂ ಒಂದೇ ಕಾಯಿಲೆಯ ಎರಡು ತುದಿ. ಅದರ ಹೆಸರು ಕೆರಟೋಕೋನಸ್. ಹದಿಹರೆಯದಲ್ಲಿ ಶುರುವಾಗಿ, ಇಪ್ಪತ್ತು ದಾಟುವುದರೊಳಗೆ ದೃಷ್ಟಿಯನ್ನು ಬಹಳಷ್ಟು ಕೆಡಿಸಬಲ್ಲ ಕಾಯಿಲೆ ಇದು. ಬೇಗ ಗೊತ್ತಾದರೆ ತಡೆಯಬಹುದು, ತಡವಾದರೆ ಹೋದ ದೃಷ್ಟಿ ಪೂರ್ತಿ ವಾಪಸ್ ಬರಲ್ಲ. ಇದರ ಚಿಕಿತ್ಸೆ ದೊಡ್ಡ ಊರಿನ ಯಂತ್ರದಿಂದಲೇ ಶುರುವಾಗಬೇಕು ಅಂತೇನಿಲ್ಲ. ಮಕ್ಕಳು ಕಣ್ಣು ಉಜ್ಜುವುದನ್ನು ನಿಲ್ಲಿಸುವುದೇ ಮೊದಲ ಹೆಜ್ಜೆ, ಅದು ಮನೆಯಲ್ಲಿ, ತಾಲ್ಲೂಕಿನಲ್ಲೇ ಆಗಬೇಕು.

ಏನಿದು ಕೆರಟೋಕೋನಸ್?

ಕಣ್ಣಿನ ಕಪ್ಪು ಭಾಗದ ಮೇಲೆ ಕೈಗಡಿಯಾರದ ಗಾಜಿನ ಹಾಗೆ ಒಂದು ಪಾರದರ್ಶಕ ಪದರ ಇರುತ್ತೆ. ಅದೇ ಕಾರ್ನಿಯಾ. ಬೆಳಕು ಮೊದಲು ಬಾಗುವುದು ಇಲ್ಲೇ. ನಡು ಭಾಗದಲ್ಲಿ ಇದರ ದಪ್ಪ ಸರಾಸರಿ 540 ಮೈಕ್ರಾನ್, ಅಂದ್ರೆ ಅರ್ಧ ಮಿಲಿಮೀಟರ್‌ಗಿಂತ ಒಂದಿಷ್ಟು ಜಾಸ್ತಿ ಅಷ್ಟೆ. ಒಳಗೆ ಕೊಲಾಜೆನ್ ಎಂಬ ಎಳೆಗಳು ಅಡ್ಡ-ಉದ್ದ ಹೆಣೆದುಕೊಂಡು ಅದರ ಗುಂಡನೆ ಆಕಾರ ಹಿಡಿದಿಡುತ್ತವೆ.

ಕೆರಟೋಕೋನಸ್‌ನಲ್ಲಿ ಈ ಹೆಣಿಗೆ ಸಡಿಲವಾಗುತ್ತೆ. ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬುತ್ತೆ. ಬೋರಲು ಹಾಕಿದ ಬಟ್ಟಲಿನಂತೆ ಇರಬೇಕಾದ್ದು ಶಂಕುವಿನ ಆಕಾರಕ್ಕೆ ತಿರುಗುತ್ತೆ. ಹೊಳಪು ಕೆಟ್ಟ ಸೊಟ್ಟ ಕನ್ನಡಿಯಲ್ಲಿ ಮುಖ ನೋಡಿದರೆ ಹೇಗೋ ಹಾಗೆ ಬೆಳಕು ಚೆಲ್ಲಾಪಿಲ್ಲಿಯಾಗುತ್ತೆ. ಅಕ್ಷರದ ಪಕ್ಕ ನೆರಳು ಅಕ್ಷರ ಕಾಣುತ್ತೆ, ರಾತ್ರಿ ಎದುರಿನ ಬೈಕ್ ಲೈಟ್ ಗೆರೆ ಗೆರೆಯಾಗಿ ಹರಡುತ್ತೆ. ಸಿಲಿಂಡರ್ ನಂಬರ್ ಏರುತ್ತಾ ಹೋಗುತ್ತೆ. ಕಾಯಿಲೆ ಮುಂದುವರಿದ ಮೇಲೆ ಯಾವ ಚಷ್ಮಾ ಹಾಕಿದರೂ ಚಾರ್ಟಿನ ಕೊನೆ ಸಾಲು ಓದಲು ಆಗಲ್ಲ.

ಇದು ವಯಸ್ಸಾದವರಿಗೆ ಬರುವ ಮೋತಿಬಿಂದು ಅಲ್ಲ, ಮದ್ರಾಸ್ ಐ ತರಹ ಅಂಟುವ ರೋಗವೂ ಅಲ್ಲ. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತೆ, ಆದರೆ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಳ್ಳೆ ಕಣ್ಣು ಕೆಲಸ ನಡೆಸಿಕೊಂಡು ಹೋಗುವುದರಿಂದ ಎಷ್ಟೋ ಸಲ ಹುಡುಗನಿಗೇ ಗೊತ್ತಾಗಲ್ಲ. ವಯಸ್ಸು ಚಿಕ್ಕದಾದಷ್ಟೂ ಇದರ ಓಟ ಜೋರು. ಹದಿನಾಲ್ಕರ ಹುಡುಗನಲ್ಲಿ ಕೆಲವೇ ತಿಂಗಳಲ್ಲಿ ಹೆಚ್ಚಬಹುದು, ಮೂವತ್ತೈದು ದಾಟಿದವರಲ್ಲಿ ಬಹುಮಟ್ಟಿಗೆ ತಾನಾಗೇ ನಿಧಾನವಾಗುತ್ತೆ.

ಉಜ್ಜೋದಕ್ಕೂ ಇದಕ್ಕೂ ಏನು ಸಂಬಂಧ?

ಕೆರಟೋಕೋನಸ್‌ಗೆ ಒಂದೇ ಕಾರಣ ಅಂತಿಲ್ಲ. ಅಪ್ಪ-ಅಮ್ಮ, ಅಣ್ಣ-ತಮ್ಮಂದಿರಿಗೆ ಇದ್ದರೆ ಬರುವ ಸಾಧ್ಯತೆ ಹೆಚ್ಚು. ರಕ್ತಸಂಬಂಧದ ಮದುವೆಯಿಂದ ಹುಟ್ಟಿದವರಲ್ಲಿ ಜಾಸ್ತಿ ಎಂದು ಹೊರದೇಶದ ಅಧ್ಯಯನಗಳು ತೋರಿಸಿವೆ. ಸೋದರಮಾವ, ಅತ್ತೆ ಮಗನ ಜೊತೆ ಮದುವೆ ಇವತ್ತಿಗೂ ನಡೆಯುವ ನಮ್ಮ ಕಡೆ ಇದನ್ನು ನೆನಪಿಡಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಇದು ಹೆಚ್ಚು.

ಹುಟ್ಟಿನಿಂದ ಬಂದದ್ದನ್ನು ಬದಲಾಯಿಸಲು ಆಗಲ್ಲ. ಬದಲಾಯಿಸಲು ಆಗುವ ದೊಡ್ಡ ಕಾರಣ ಒಂದೇ, ಕಣ್ಣು ಉಜ್ಜುವುದು. ಅದರಲ್ಲೂ ಬೆರಳ ಗೆಣ್ಣಿನಿಂದ ಒತ್ತಿ ತಿಕ್ಕುವುದು ತೀರಾ ಕೆಟ್ಟದ್ದು. ಪ್ಯಾರಿಸ್‌ನ ನೇತ್ರತಜ್ಞ ಡಾ. ಡೇಮಿಯನ್ ಗಟಿನೆಲ್ ಅವರಂತೂ ಉಜ್ಜದಿದ್ದರೆ ಈ ಕಾಯಿಲೆಯೇ ಇಲ್ಲ ಎಂದು ವರ್ಷಗಳಿಂದ ವಾದಿಸುತ್ತಿದ್ದಾರೆ. ಅಷ್ಟು ದೂರ ಹೋಗಲು ಎಲ್ಲ ತಜ್ಞರೂ ಒಪ್ಪಲ್ಲ. ಆದರೆ ಉಜ್ಜುವುದರಿಂದ ಕಾಯಿಲೆ ಹೆಚ್ಚುತ್ತೆ ಎನ್ನುವುದರಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮಾತು.

ಮಗು ಸುಮ್ಮನೆ ಉಜ್ಜಲ್ಲ, ತುರಿಕೆ ಇದ್ದಾಗ ಉಜ್ಜುತ್ತೆ. ತುರಿಕೆ ಬರುವುದು ಮುಖ್ಯವಾಗಿ ಅಲರ್ಜಿಯಿಂದ. ಮಕ್ಕಳಲ್ಲಿ ಕಾಣುವ ಜೋರು ಅಲರ್ಜಿಗೆ ವರ್ನಲ್ ಕೆರಟೋಕಂಜಂಕ್ಟಿವೈಟಿಸ್, ಸಣ್ಣದಾಗಿ ವಿಕೆಸಿ ಅಂತಾರೆ. ಬಿಸಿ, ಒಣ ಹವೆಯ ಪ್ರದೇಶಗಳಲ್ಲಿ ಇದು ಹೆಚ್ಚು, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಐದರಿಂದ ಹತ್ತು ವರ್ಷದೊಳಗೆ ಶುರುವಾಗಿ, ಬಹಳ ಮಂದಿಯಲ್ಲಿ ಪ್ರಾಯಕ್ಕೆ ಬಂದ ಮೇಲೆ ಕಡಿಮೆಯಾಗುತ್ತೆ. ಸಹಿಸಲಾಗದ ತುರಿಕೆ, ನೂಲಿನಂತೆ ಎಳೆ ಎಳೆಯಾಗಿ ಬರುವ ಪಿಚ್ಚು, ಬಿಸಿಲಿಗೆ ಕಣ್ಣು ಬಿಡಲಾಗದಿರುವುದು, ಬಿಳಿಗುಡ್ಡೆ ಮಾಸಲು ಕಂದು ಬಣ್ಣಕ್ಕೆ ತಿರುಗುವುದು ಇದರ ಲಕ್ಷಣ. ಮೇಲಿನ ರೆಪ್ಪೆ ತಿರುಗಿಸಿ ನೋಡಿದರೆ ಒಳಗೆ ಕಲ್ಲು ಹಾಸಿದಂತೆ ಗುಳ್ಳೆಗಳು. ಆ ಗುಳ್ಳೆಗಳೂ ಕಾರ್ನಿಯಾವನ್ನು ತೀಡುತ್ತಿರುತ್ತವೆ.

ಎರಡನೇ ಕಾರಣ ಕಣ್ಣಿನ ಒಣತನ. ಕಣ್ಣೀರಿನ ಪದರ ಸರಿಯಿಲ್ಲದಿದ್ದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನಿಸಿ ಕೈ ತಾನಾಗೇ ಮೇಲೆ ಹೋಗುತ್ತೆ. ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಇನ್ನಷ್ಟು ಒಣಗುತ್ತೆ. ಅಲರ್ಜಿ ಇರುವವರಲ್ಲಿ ಕಣ್ಣೀರಿನ ಪದರ ಮೊದಲೇ ಕೆಟ್ಟಿರುತ್ತೆ. ಒಣತನ ಹೆಚ್ಚಾದರೆ ಧೂಳು, ಪರಾಗವನ್ನು ತೊಳೆದು ಹಾಕುವ ನೀರೂ ಕಡಿಮೆ, ಅಲರ್ಜಿ ಮತ್ತೂ ಹೆಚ್ಚು. ಒಂದು ಇನ್ನೊಂದನ್ನು ಎಬ್ಬಿಸುತ್ತೆ.

ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಕೊಂಡಿ ತೋರಿಸಿತು. ಕೆರಟೋಕೋನಸ್ ಇರುವವರ ಕಣ್ಣೀರಿನಲ್ಲಿ ಎಂಎಂಪಿ-9 ಎಂಬ ಕಿಣ್ವ ಹೆಚ್ಚಿತ್ತು. ಅಂಗಾಂಶದ ಹೆಣಿಗೆಯನ್ನು ಒಡೆಯುವ ಕೆಲಸದಲ್ಲಿ ಪಾಲ್ಗೊಳ್ಳುವ ಕಿಣ್ವ ಅದು. ಸೈಕ್ಲೋಸ್ಪೊರಿನ್ ಹನಿ ಹಾಕಿದಾಗ ಅದರ ಪ್ರಮಾಣ ಇಳಿಯಿತು. ಅಂದ್ರೆ ಉಜ್ಜುವ ಕೈ ಹೊರಗಿನಿಂದ ಕೆಡಿಸಿದರೆ, ಉರಿಯೂತದ ಕಣ್ಣೀರು ಒಳಗಿನಿಂದಲೂ ಸಡಿಲ ಮಾಡುತ್ತಿರಬಹುದು. ಅಲರ್ಜಿ, ಒಣತನ ಗುಣಪಡಿಸುವುದು ಬರೀ ಹಿತಕ್ಕಾಗಿ ಅಲ್ಲ, ಅದು ಕಾರ್ನಿಯಾ ಉಳಿಸಿಕೊಳ್ಳುವ ಚಿಕಿತ್ಸೆಯ ಭಾಗ.

ನಮ್ಮ ಜಿಲ್ಲೆಯಲ್ಲಿ ಯಾಕೆ ಲಕ್ಷ್ಯ ಕೊಡಬೇಕು?

ಹಾವೇರಿ ಜಿಲ್ಲೆಯ ಹವೆ, ದುಡಿಮೆ ಎರಡೂ ಕಣ್ಣಿಗೆ ಕಷ್ಟ ಕೊಡುವಂಥದ್ದು. ಜನವರಿಯಿಂದ ಬೇಸಿಗೆವರೆಗೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬರುತ್ತಲೇ ಇರುತ್ತವೆ. ಚೀಲ ಸುರಿಯುವ, ತೊಟ್ಟು ಬಿಡಿಸುವ ಜಾಗದಲ್ಲಿ ಗಾಳಿಯೇ ಘಾಟು. ಅಲ್ಲಿ ಕಾಲೇಜು ರಜೆಯಲ್ಲಿ ಕೂಲಿಗೆ ಹೋಗುವ ಹುಡುಗರೂ ಇರುತ್ತಾರೆ. ಗೋವಿನಜೋಳ ಒಕ್ಕುವಾಗ ಏಳುವ ಹೊಟ್ಟು, ರಸ್ತೆ ಕೆಲಸದ ಮಣ್ಣುಧೂಳು, ಊರ ಸುತ್ತ ಬೆಳೆದು ನಿಂತ ಕಾಂಗ್ರೆಸ್ ಕಸದ ಪರಾಗ ಬೇರೆ. ಮೆಣಸಿನ ಘಾಟಿಗೆ ಕಣ್ಣು ಉರಿಯುವುದು ಅಲರ್ಜಿ ಅಲ್ಲ, ಅದು ಖಾರದ ಗುಣ. ಆದರೆ ಅಲರ್ಜಿಯಿಂದ ಮೊದಲೇ ಕೆರಳಿದ ಕಣ್ಣಿಗೆ ಘಾಟು ಸೇರಿದರೆ ಉಜ್ಜದೆ ಇರಲು ಯಾವ ಹುಡುಗನಿಂದಲೂ ಆಗಲ್ಲ.

ಎಷ್ಟು ಮಂದಿಗೆ ಈ ಕಾಯಿಲೆ ಇರಬಹುದು? ಅಮೆರಿಕದ ಮಿನ್ನೆಸೋಟದಲ್ಲಿ 1986ರಲ್ಲಿ ಬಂದ ಹಳೇ ಲೆಕ್ಕ ಲಕ್ಷಕ್ಕೆ 54 ಮಂದಿ ಅಂದಿತ್ತು. ಬಹಳ ವರ್ಷ ಪುಸ್ತಕಗಳಲ್ಲಿ "ಅಪರೂಪದ ಕಾಯಿಲೆ" ಎಂದೇ ಇತ್ತು. 2009ರಲ್ಲಿ ಪ್ರಕಟವಾದ, ನಾಗಪುರದ ಬಳಿಯ ಹಳ್ಳಿಗಳಲ್ಲಿ ಮೂವತ್ತು ದಾಟಿದವರ ಕಣ್ಣು ಅಳೆದ ಅಧ್ಯಯನದಲ್ಲಿ ಸಿಕ್ಕಿದ್ದು ನೂರಕ್ಕೆ 2.3. ಅಲ್ಲಿ ಬರೀ ಕಾರ್ನಿಯಾದ ಬಾಗು ಅಳೆದು ಲೆಕ್ಕ ಹಾಕಿದ್ದರಿಂದ ಆ ಸಂಖ್ಯೆಯ ಬಗ್ಗೆ ತಕರಾರಿದೆ. ಸೌದಿ ಅರೇಬಿಯಾದಲ್ಲಿ ಮಕ್ಕಳು ಮತ್ತು ಯುವಕರನ್ನು ಆಧುನಿಕ ಯಂತ್ರದಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ ಸುಮಾರು 4.8 ಕಂಡುಬಂತು. ಒಂದೊಂದು ಊರಿಗೆ ಒಂದೊಂದು ಲೆಕ್ಕ ನಿಜ. ಆದರೆ ಬಿಸಿ, ಒಣ, ಧೂಳಿನ ಪ್ರದೇಶದಲ್ಲಿ ಇದನ್ನು ಅಪರೂಪದ ಕಾಯಿಲೆ ಅಂತ ಪಕ್ಕಕ್ಕಿಡುವ ಹಾಗಿಲ್ಲ ಎನ್ನುವುದಂತೂ ಇವುಗಳಿಂದ ಗೊತ್ತಾಗುತ್ತೆ.

ನಾಲ್ಕು ಕಡೆ ನಾಲ್ಕು ತುಂಡು ಮಾಹಿತಿ

ಮನೆಯವರು ಗಮನ ಕೊಡಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತೆ. ಅವರು ಎಲ್ಲ ಕಡೆ ಓಡಾಡಿರ್ತಾರೆ. ತೊಂದರೆ ಇರುವುದು ಒಬ್ಬೊಬ್ಬರು ನೋಡಿದ್ದು ಇನ್ನೊಬ್ಬರಿಗೆ ತಲುಪದೆ ಇರುವುದರಲ್ಲಿ.

ಮೊದಲನೆಯದು ಮನೆ. "ಉಷ್ಣ ಆಗೈತಿ, ತಲೆಗೆ ಹರಳೆಣ್ಣೆ ಹಚ್ಚು" ಅಂತ ಅಜ್ಜಿ ಹೇಳುತ್ತಾರೆ. ತಲೆಗೆ ಎಣ್ಣೆ ಹಚ್ಚಿದರೆ ನಷ್ಟ ಏನಿಲ್ಲ. ಆದರೆ ಕಣ್ಣೊಳಗೆ ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ಸೊಪ್ಪಿನ ರಸ ಬಿಡುವುದು ಅಪಾಯ. ಉಜ್ಜಿ ಉಜ್ಜಿ ಗೀರಾದ ಕಾರ್ನಿಯಾಕ್ಕೆ ಸೋಂಕು ತಗುಲಿದರೆ ಹುಣ್ಣಾಗಿ ಕಲೆ ಉಳಿಯುತ್ತೆ. ಉಷ್ಣ ಅಂದುಕೊಂಡು ಎರಡು ಮೂರು ಬೇಸಿಗೆ ಕಳೆದೇ ಹೋಗುತ್ತವೆ.

ಎರಡನೆಯದು ಮೆಡಿಕಲ್ ಶಾಪ್. ಅಲ್ಲಿ ತುರಿಕೆ ಗೊತ್ತಾಗುತ್ತೆ, ನಂಬರ್ ಗೊತ್ತಾಗಲ್ಲ. ಮೂರನೆಯದು ಆಪ್ಟಿಕಲ್ಸ್. ಅಲ್ಲಿ ನಂಬರ್ ಗೊತ್ತಾಗುತ್ತೆ, ತುರಿಕೆ ಯಾರೂ ಕೇಳಲ್ಲ. ಕಂಪ್ಯೂಟರ್ ಯಂತ್ರದಲ್ಲಿ ಕಣ್ಣಿಟ್ಟರೆ ನಂಬರ್ ಬರುತ್ತೆ, ಸಿಲಿಂಡರ್ ಎರಡರಿಂದ ಮೂರೂವರೆಗೆ ಏರಿದ್ದರೂ ಹೊಸ ಗ್ಲಾಸ್ ತಯಾರಾಗುತ್ತೆ. ಇನ್ನೂ ಸರಿ ಕಾಣಲ್ಲ ಅಂದ್ರೆ "ಹಾಕ್ಕೊಂತಾ ಹಾಕ್ಕೊಂತಾ ರೂಢಿ ಆಗುತ್ತ" ಅನ್ನುವ ಉತ್ತರ.

ನಾಲ್ಕನೆಯದು ಸರ್ಕಾರಿ ತಪಾಸಣೆ. ಮನೆ ಮನೆಗೆ ಹೋಗಿ ಕಣ್ಣು ಪರೀಕ್ಷೆ ಮಾಡಿ ಉಚಿತ ಕನ್ನಡಕ ಕೊಡುವ ಆಶಾಕಿರಣ ಕಾರ್ಯಕ್ರಮಕ್ಕೆ 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟದ್ದು ಹಾವೇರಿಯಲ್ಲೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ನೋಡುತ್ತವೆ. ಇವುಗಳಿಂದ ಹಳ್ಳಿ ಮಕ್ಕಳಿಗೆ ಕನ್ನಡಕ ಸಿಗುತ್ತಿರುವುದು ಸಣ್ಣ ಮಾತಲ್ಲ. ಆದರೆ ಒಂದು ದಿನದ ತಪಾಸಣೆ ಇವತ್ತಿನ ದೃಷ್ಟಿ ಎಷ್ಟು ಅಂತ ಮಾತ್ರ ಹೇಳುತ್ತೆ. ಹೋದ ವರ್ಷದ ಚೀಟಿ ಜೊತೆಗೆ ಇಲ್ಲದಿದ್ದರೆ ನಂಬರ್ ಓಡುತ್ತಿದೆಯೋ ನಿಂತಿದೆಯೋ ತಿಳಿಯಲ್ಲ. ಕೆರಟೋಕೋನಸ್ ಹಿಡಿಯಲು ಬೇಕಾದ್ದೇ ಆ ಹೋಲಿಕೆ.

ಇದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರ ಇರಲೇಬೇಕು ಅಂತಿಲ್ಲ. ನೇತ್ರಾಧಿಕಾರಿಗಳು ಬಳಸುವ ರೆಟಿನೋಸ್ಕೋಪ್ ಎಂಬ ಬೆಳಕಿನ ಉಪಕರಣದಲ್ಲೇ ಈ ಕಣ್ಣಿನ ನೆರಳು ಕತ್ತರಿ ತೆರೆದು ಮುಚ್ಚಿದಂತೆ ಆಡುತ್ತೆ. ತರಬೇತಿ ಇದ್ದವರಿಗೆ ಅಷ್ಟೇ ಸಾಕು, ಅನುಮಾನ ಬರುತ್ತೆ. ಅನುಮಾನ ಬಂದವರನ್ನು ಮುಂದಕ್ಕೆ ಕಳಿಸಿದರೆ ಆಯಿತು. ಗಟ್ಟಿಯಾಗಿ ಹೇಳುವುದು ಕಾರ್ನಿಯಾ ಟೊಪೋಗ್ರಫಿ ಪರೀಕ್ಷೆ. ಹೊಲದ ಏರುತಗ್ಗಿನ ನಕ್ಷೆ ತೆಗೆದ ಹಾಗೆ ಕಾರ್ನಿಯಾದ ಬಾಗು, ದಪ್ಪ ಎರಡನ್ನೂ ಬಣ್ಣದ ನಕ್ಷೆಯಲ್ಲಿ ತೋರಿಸುವ ಪರೀಕ್ಷೆ ಇದು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನಂಥ ಊರುಗಳ ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಸಿಗುತ್ತೆ.

ಬೇಗ ಕೆಂಪು ಇಳಿಸುವ ಹನಿಯ ಬೆಲೆ

ಕೌಂಟರ್‌ನಲ್ಲಿ ಕೇಳಿದ ಕೂಡಲೇ ಸಿಗುವ ಕೆಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತೆ. ಡೆಕ್ಸಾಮೆಥಾಸೋನ್, ಬೆಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಲೇಬಲ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತೆ. ಎಷ್ಟೋ ಸಲ ಆಂಟಿಬಯೋಟಿಕ್ ಜೊತೆ ಬೆರೆಸಿದ ಹನಿಯಲ್ಲೂ ಇದು ಇರುತ್ತೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಇದು.

ಸ್ಟೆರಾಯ್ಡ್ ಕೆಟ್ಟ ಔಷಧಿ ಅಲ್ಲ. ಅಲರ್ಜಿ ತೀರಾ ಜೋರಾದಾಗ ವೈದ್ಯರೇ ಕೆಲವು ದಿನ ಅಥವಾ ವಾರಕ್ಕೆ ಬರೆದುಕೊಡುತ್ತಾರೆ, ಕಣ್ಣಿನ ಒತ್ತಡ ಅಳೆಯುತ್ತಾ ನಿಧಾನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಕೇಡು ಇರುವುದು ಅದೇ ಖಾಲಿ ಬಾಟಲಿ ತೋರಿಸಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಂದು ಹಾಕುವುದರಲ್ಲಿ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುತ್ತೆ. ಮೊದಮೊದಲು ನೋವಿಲ್ಲ, ಲಕ್ಷಣವಿಲ್ಲ. ಅದರಿಂದ ಹೋದ ದೃಷ್ಟಿಗೆ ಯಾವ ಆಪರೇಷನ್‌ನಲ್ಲೂ ವಾಪಸ್ ಬರುವ ದಾರಿ ಇಲ್ಲ. ಹದಿಹರೆಯದಲ್ಲೇ ಮೋತಿಬಿಂದೂ ಬರಬಹುದು. ಒಂದು ಕಡೆ ಕಾರ್ನಿಯಾ ಉಬ್ಬು, ಇನ್ನೊಂದು ಕಡೆ ನರಕ್ಕೆ ಪೆಟ್ಟು, ಎರಡೂ ಒಂದೇ ಹುಡುಗನಿಗೆ.

ಇನ್ನೂ ಎರಡು ವಿಷಯ ಅಂಗಡಿಯವರಿಗೆ ಗೊತ್ತಿರಬೇಕು. ಕೆಂಪು ಕಣ್ಣನ್ನು ಬೆಳ್ಳಗೆ ಮಾಡುವ ನ್ಯಾಫಜೋಲಿನ್ ತರಹದ ಹನಿ ಪದೇ ಪದೇ ಹಾಕಿದರೆ ಬಿಟ್ಟ ಕೂಡಲೇ ಕೆಂಪು ಇಮ್ಮಡಿಯಾಗಿ ಮರಳುತ್ತೆ. ಸೀನು, ತುರಿಕೆ ಅಂತ ನುಂಗುವ ಸೆಟ್ರಿಜಿನ್ ತರಹದ ಮಾತ್ರೆ ಕೆಲವರಲ್ಲಿ ಕಣ್ಣೀರು ಕಡಿಮೆ ಮಾಡಿ ಕಣ್ಣು ಒಣಗಿಸುತ್ತೆ. ಒಣ ಕಣ್ಣಿನ ಹುಡುಗ ಆ ಮಾತ್ರೆ ನುಂಗಿ ಇನ್ನಷ್ಟು ಉಜ್ಜಿದರೆ ಆಶ್ಚರ್ಯವಿಲ್ಲ.

ಚಿಕಿತ್ಸೆ ಯಾವ ಕ್ರಮದಲ್ಲಿ?

ಮೊದಲು ತುರಿಕೆ ನಿಲ್ಲಬೇಕು. ಒಲೋಪಟಡಿನ್, ಕೀಟೋಟಿಫೆನ್‌ನಂಥ ಅಲರ್ಜಿ ಹನಿಗಳನ್ನು ವೈದ್ಯರು ಋತುಮಾನ ಪೂರ್ತಿ ಬಿಡದೆ ಹಾಕಲು ಹೇಳುತ್ತಾರೆ. ಎರಡು ದಿನಕ್ಕೆ ಆರಾಮ ಅನಿಸಿತು ಅಂತ ಬಿಡಬಾರದು. ವಿಕೆಸಿ ಜೋರಾಗಿದ್ದರೆ ಸ್ಟೆರಾಯ್ಡ್ ಬದಲಿಗೆ ದೀರ್ಘಕಾಲ ಬಳಸಬಹುದಾದ ಸೈಕ್ಲೋಸ್ಪೊರಿನ್ ಹನಿ, ಟ್ಯಾಕ್ರೊಲಿಮಸ್ ಮುಲಾಮು ಇವೆ. ಇವುಗಳ ಪರಿಣಾಮ ಕಾಣಲು ವಾರಗಳು ಬೇಕು, ಶುರುವಿನಲ್ಲಿ ಒಂದಿಷ್ಟು ಉರಿಯೂ ಇರುತ್ತೆ. "ಉರಿ ಆತು, ಬಿಟ್ವಿ" ಅನ್ನುವುದು ಇಲ್ಲೇ.

ಜೊತೆಗೇ ಒಣತನಕ್ಕೆ ಕೃತಕ ಕಣ್ಣೀರು. ದಿನಕ್ಕೆ ನಾಲ್ಕೈದು ಸಲಕ್ಕಿಂತ ಹೆಚ್ಚು ಹಾಕಬೇಕಾದವರಿಗೆ ಪ್ರಿಸರ್ವೇಟಿವ್ ಇಲ್ಲದ ಹನಿ ಒಳ್ಳೆಯದು. ತುರಿಕೆ ಬಂದಾಗ ಉಜ್ಜುವ ಬದಲು ಸ್ವಚ್ಛ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಮುಚ್ಚಿದ ರೆಪ್ಪೆ ಮೇಲೆ ಐದು ನಿಮಿಷ ಇಟ್ಟರೆ ಬಹಳ ಆರಾಮ. ಇದಕ್ಕೆ ದುಡ್ಡು ಬೇಕಿಲ್ಲ.

ಎರಡನೇ ಹೆಜ್ಜೆ ಅಳತೆ. ಟೊಪೋಗ್ರಫಿ ಮಾಡಿಸಿ, ಮೂರರಿಂದ ಆರು ತಿಂಗಳಿಗೆ ಮತ್ತೆ ಮಾಡಿಸಿ ಹೋಲಿಸುತ್ತಾರೆ. ಕಾಯಿಲೆ ಮುಂದುವರಿಯುತ್ತಿದೆ ಅಂತ ಕಂಡರೆ ಕಾರ್ನಿಯಾ ಕ್ರಾಸ್‌ಲಿಂಕಿಂಗ್. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಸಿ3ಆರ್ ಅಂತಾರೆ. ತೀರಾ ಚಿಕ್ಕ ವಯಸ್ಸಿನವರಲ್ಲಿ ಕೆಲವು ವೈದ್ಯರು ಎರಡನೇ ಅಳತೆಗೂ ಕಾಯದೆ ಮಾಡಿಬಿಡುತ್ತಾರೆ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಈ ಚಿಕಿತ್ಸೆಯ ಮೊದಲ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕಾರ್ನಿಯಾದ ಮೇಲಿನ ತೆಳು ಚರ್ಮ ತೆಗೆದು, ರೈಬೋಫ್ಲೇವಿನ್ ಅಂದ್ರೆ ಬಿ2 ವಿಟಮಿನ್ ಹನಿಯನ್ನು ಅರ್ಧ ಗಂಟೆ ಹಾಕುತ್ತಾರೆ. ಆಮೇಲೆ ಅಳತೆ ಮಾಡಿದ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ಹಳೇ ವಿಧಾನದಲ್ಲಿ ಅದೂ ಅರ್ಧ ಗಂಟೆ, ಹೊಸ ವಿಧಾನಗಳಲ್ಲಿ ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ. ಹೊರಸಿನ ನವಾರು ಸಡಿಲ ಬಿದ್ದಾಗ ಅಡ್ಡಪಟ್ಟಿ ಹೆಣೆದು ಬಿಗಿ ಮಾಡಿದ ಹಾಗೆ, ಕೊಲಾಜೆನ್ ಎಳೆಗಳ ನಡುವೆ ಹೊಸ ಕೊಂಡಿ ಬೀಳುತ್ತವೆ. ಎರಡು ಮೂರು ದಿನ ನೋವು, ನೀರು ಸೋರುವುದು ಇರುತ್ತೆ. ದೃಷ್ಟಿ ಹದಕ್ಕೆ ಬರಲು ಕೆಲವು ತಿಂಗಳು ಬೇಕು.

ಇಲ್ಲಿ ಎರಡು ಮಾತು ಸ್ಪಷ್ಟವಾಗಿ ತಿಳಿದಿರಬೇಕು. ಒಂದು, ಇದು ಕಾಯಿಲೆಯನ್ನು ನಿಲ್ಲಿಸುವ ಚಿಕಿತ್ಸೆ, ನಂಬರ್ ತೆಗೆಯುವ ಚಿಕಿತ್ಸೆ ಅಲ್ಲ. ಮುಗಿದ ಮೇಲೂ ಚಷ್ಮಾ ಅಥವಾ ಲೆನ್ಸ್ ಬೇಕಾಗುತ್ತೆ. ಎರಡು, ಸಾಮಾನ್ಯ ವಿಧಾನಕ್ಕೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪ ಇರಬೇಕು. ಅದಕ್ಕಿಂತ ತೆಳುವಾದವರಿಗೆ ಬೇರೆ ಉಪಾಯಗಳಿದ್ದರೂ ದಾರಿ ಕಿರಿದಾಗುತ್ತೆ. ಆರೋಗ್ಯವಂತ ಕಾರ್ನಿಯಾ 540 ಅಂತ ನೆನಪಿಟ್ಟರೆ, ತಡ ಮಾಡಲು ಎಷ್ಟು ಜಾಗ ಇದೆ ಅನ್ನುವುದು ಗೊತ್ತಾಗುತ್ತೆ.

ಅಲರ್ಜಿ ಕೆರಳಿರುವಾಗಲೇ ಕ್ರಾಸ್‌ಲಿಂಕಿಂಗ್ ಮಾಡಿದರೆ ಗಾಯ ಬೇಗ ಮಾಯಲ್ಲ, ಸೋಂಕಿನ ಭಯ ಹೆಚ್ಚು. ಮುಗಿದ ಮೇಲೂ ಹುಡುಗ ಉಜ್ಜುತ್ತಲೇ ಇದ್ದರೆ ಬಿಗಿ ಮಾಡಿದ ಹೆಣಿಗೆ ಮತ್ತೆ ಸಡಿಲವಾಗಬಹುದು. ಅದಕ್ಕೇ ವೈದ್ಯರು ಮೊದಲು ಅಲರ್ಜಿ ಹದಕ್ಕೆ ತರುತ್ತಾರೆ. ಹಾಗಂತ ಅಲರ್ಜಿ ಪೂರ್ತಿ ಹೋಗಲಿ ಅಂತ ವರ್ಷಗಟ್ಟಲೆ ಕಾಯುವುದೂ ತಪ್ಪು.

ಮೂರನೆಯದು ದೃಷ್ಟಿ. ಚಷ್ಮಾದಲ್ಲಿ ಸರಿ ಕಾಣದವರಿಗೆ ಆರ್‌ಜಿಪಿ ಎಂಬ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಇದೆ. ಧೂಳು, ಅಲರ್ಜಿ, ಒಣತನ ಇರುವವರಿಗೆ ಅದು ಚುಚ್ಚುತ್ತೆ. ಅಂಥವರಿಗೆ ಸ್ಕ್ಲೀರಲ್ ಲೆನ್ಸ್ ಹೊಂದಬಹುದು. ಅದು ದೊಡ್ಡ ಲೆನ್ಸ್, ಬಿಳಿಗುಡ್ಡೆ ಮೇಲೆ ಕೂರುತ್ತೆ, ಕಾರ್ನಿಯಾಕ್ಕೆ ತಾಗಲ್ಲ, ಒಳಗೆ ದ್ರವ ನಿಂತು ಕಣ್ಣನ್ನು ತೇವವಾಗಿಡುತ್ತೆ. ಯಾವ ಲೆನ್ಸ್ ಆದರೂ ನಲ್ಲಿ ನೀರಲ್ಲಿ, ಬೋರ್ ನೀರಲ್ಲಿ ತೊಳೆಯುವಂತಿಲ್ಲ. ಲೆನ್ಸ್ ಹಾಕಿದ ಮಾತ್ರಕ್ಕೆ ಕಾಯಿಲೆ ನಿಲ್ಲಲ್ಲ ಅನ್ನುವುದೂ ನೆನಪಿರಲಿ.

ಕೊನೆಯದು ಕಾರ್ನಿಯಾ ಕಸಿ. ಕ್ರಾಸ್‌ಲಿಂಕಿಂಗ್ ಬರುವ ಮೊದಲು ಇಂಥ ರೋಗಿಗಳಲ್ಲಿ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಕಸಿ ಬೇಕಾಗುತ್ತಿತ್ತು ಎಂಬ ಅಂದಾಜಿದೆ. ಈಗ ಮೇಲಿನ ಪದರಗಳನ್ನಷ್ಟೇ ಬದಲಾಯಿಸಿ, ರೋಗಿಯ ಒಳಪದರ ಉಳಿಸಿಕೊಳ್ಳುವ ವಿಧಾನವೂ ಇದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಸಿಕ್ಕಿದ್ದು ಹೀಗೆ ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿದ್ದರಿಂದಲೇ. ಆ ಸುದ್ದಿ ಕೇಳಿ ನೇತ್ರದಾನಕ್ಕೆ ಹೆಸರು ಬರೆಸಿದವರು ರಾಜ್ಯದ ತುಂಬ ಇದ್ದಾರೆ. ಆದರೂ ಕಸಿ ಅಂದ್ರೆ ಹೊಲಿಗೆ, ವರ್ಷಗಟ್ಟಲೆ ಹನಿ, ದೇಹ ಅದನ್ನು ಒಪ್ಪದಿರುವ ಭಯ. ಇಪ್ಪತ್ತರ ಹುಡುಗನಿಗೆ ಹಾಕಿದ ಕಸಿ ಜೀವಮಾನವಿಡೀ ಬಾಳಬೇಕು. ಅಲ್ಲಿಗೆ ಹೋಗದಿರುವುದೇ ಲೇಸು.

ಖರ್ಚಿನ ಮಾತು

ಖಾಸಗಿಯಲ್ಲಿ ಕ್ರಾಸ್‌ಲಿಂಕಿಂಗ್‌ಗೆ ಒಂದು ಕಣ್ಣಿಗೆ ಹತ್ತಾರು ಸಾವಿರ ರೂಪಾಯಿ ಆಗುತ್ತೆ. ಸ್ಕ್ಲೀರಲ್ ಲೆನ್ಸ್ ಕೂಡ ಅಗ್ಗವಲ್ಲ. ಕೂಲಿ ಮನೆಗೆ ಇದು ದೊಡ್ಡ ಮೊತ್ತ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಆದರೆ ಯೋಜನೆ ನಡೆಯುವುದು ಚಿಕಿತ್ಸೆಯ ಪಟ್ಟಿ ಮತ್ತು ನೋಂದಾಯಿತ ಆಸ್ಪತ್ರೆಯ ಮೇಲೆ. ಹಾಗಾಗಿ ದಿನ ಗೊತ್ತು ಮಾಡುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತೋರಿಸಿ, ರೆಫರಲ್ ಚೀಟಿ ಮತ್ತು ರೇಷನ್ ಕಾರ್ಡ್ ಹಿಡಿದು ಆರೋಗ್ಯಮಿತ್ರರ ಬಳಿ ಕೇಳುವುದು ಒಳ್ಳೆಯದು. ಮೊದಲು ದುಡ್ಡು ಕಟ್ಟಿ ಆಮೇಲೆ ಯೋಜನೆಗೆ ಓಡಾಡಿದರೆ ವಾಪಸ್ ಬರುವುದು ಕಷ್ಟ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆಯೂ ವಿಚಾರಿಸಬಹುದಾದ ಇನ್ನೊಂದು ಜಾಗ.

ಲೆಕ್ಕ ಹಾಕಿ ನೋಡಿದರೆ ಅಗ್ಗದ ಚಿಕಿತ್ಸೆ ಇರುವುದು ಶುರುವಿನಲ್ಲೇ. ಅಲರ್ಜಿ ಹನಿ, ಕೃತಕ ಕಣ್ಣೀರು ತಿಂಗಳಿಗೆ ಕೆಲವು ನೂರು ರೂಪಾಯಿಯ ಮಾತು. ಮೂರು ವರ್ಷ ತಡವಾದರೆ ಅದೇ ಕಣ್ಣಿಗೆ ಸಾವಿರಗಳ ಖರ್ಚು, ಜೊತೆಗೆ ಓದು, ಡ್ರೈವಿಂಗ್, ಕೆಲಸ ಎಲ್ಲದಕ್ಕೂ ಅಡ್ಡಿ.

ಲೇಸರ್‌ಗೆ ಹೋಗುವ ಮುಂಚೆ

ಪೊಲೀಸ್, ಸೇನೆ ನೇಮಕಾತಿಗೆ ತಯಾರಿ ನಡೆಸುವ ಹುಡುಗರು ಜಿಲ್ಲೆಯಲ್ಲಿ ಸಾಕಷ್ಟಿದ್ದಾರೆ. ಚಷ್ಮಾ ಇದ್ದರೆ ತೊಂದರೆ ಅಂತ ಲೇಸಿಕ್ ಮಾಡಿಸಿಕೊಳ್ಳಲು ಹೊರಡುತ್ತಾರೆ. ಲೇಸಿಕ್ ಅಂದ್ರೆ ಕಾರ್ನಿಯಾವನ್ನೇ ಕೊರೆದು ತೆಳು ಮಾಡುವುದು. ಮೊದಲೇ ದುರ್ಬಲವಾದ ಕಾರ್ನಿಯಾವನ್ನು ಇನ್ನಷ್ಟು ತೆಳು ಮಾಡಿದರೆ ಅದು ಉಬ್ಬಿ ಬಿಡುತ್ತೆ. ಕೆರಟೋಕೋನಸ್ ಇರುವವರಿಗೆ, ಅನುಮಾನ ಇರುವವರಿಗೂ ಲೇಸಿಕ್ ಸಲ್ಲದು. ಟೊಪೋಗ್ರಫಿ ಇಲ್ಲದೆ "ನಾಳೆನೇ ಬನ್ನಿ, ಮಾಡ್ತೀವಿ" ಅನ್ನುವ ಕಡೆ ಹೋಗಬಾರದು.

ಯಾರು ಏನು ಮಾಡಬಹುದು?

ಮನೆಯವರು: ಹಳೇ ಚಷ್ಮಾ ಚೀಟಿ ಎಸೆಯಬೇಡಿ, ಒಂದು ಕವರ್‌ನಲ್ಲಿ ಎಲ್ಲವನ್ನೂ ಇಡಿ. ವರ್ಷದೊಳಗೆ ಎರಡು ಸಲ ನಂಬರ್ ಬದಲಾದರೆ, ಸಿಲಿಂಡರ್ ಏರುತ್ತಿದ್ದರೆ, ಹೊಸ ಚಷ್ಮಾದಲ್ಲೂ ಸ್ಪಷ್ಟ ಕಾಣದಿದ್ದರೆ ಕಣ್ಣಿನ ಡಾಕ್ಟರ ಬಳಿ ಹೋಗಿ, ಟೊಪೋಗ್ರಫಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ಒಬ್ಬ ಮಗನಿಗೆ ಇದ್ದರೆ ಅಣ್ಣ, ತಂಗಿಯರದ್ದೂ ಮಾಡಿಸಿ. "ಉಜ್ಜಬೇಡ" ಅಂತ ಬೈದರೆ ಮಗು ಮರೆಯಲ್ಲಿ ಉಜ್ಜುತ್ತೆ, ತುರಿಕೆಗೆ ಔಷಧಿ ಕೊಡಿಸಿ. ಇದ್ದಕ್ಕಿದ್ದಂತೆ ನೋವು, ದೃಷ್ಟಿ ಮಂಜು, ಕಪ್ಪುಗುಡ್ಡೆ ಮೇಲೆ ಬಿಳಿ ಮಚ್ಚೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮೆಡಿಕಲ್ ಶಾಪ್‌ನವರು: ಚೀಟಿ ಇಲ್ಲದೆ ಸ್ಟೆರಾಯ್ಡ್ ಹನಿ ಕೊಡುವುದು ನಿಲ್ಲಿಸಬೇಕು. ಒಂದೇ ಮಗುವಿಗೆ ಮೂರನೇ ಸಲ ಹನಿ ಕೇಳಲು ಬಂದವರಿಗೆ "ಕಣ್ಣಿನ ಒತ್ತಡ, ನಂಬರ್ ನೋಡಿಸಿದ್ರಾ?" ಅಂತ ಕೇಳಿದರೆ ಸಾಕು. ಒಂದು ಬಾಟಲಿಯ ವ್ಯಾಪಾರ ಹೋಗಬಹುದು, ಗಿರಾಕಿಯ ಮನೆಯ ನಂಬಿಕೆ ಉಳಿಯುತ್ತೆ.

ಆಪ್ಟಿಕಲ್ಸ್‌ನವರು: ಇಪ್ಪತ್ತೈದರ ಒಳಗಿನವರಿಗೆ ಹಳೇ ಚೀಟಿ ಕೇಳಿ. ಸಿಲಿಂಡರ್ ಜಿಗಿದಿದ್ದರೆ "ಕಣ್ಣು ಕಡಿತದಾವೇನು?" ಅನ್ನುವ ಒಂದು ಪ್ರಶ್ನೆ ಸೇರಿಸಿ. ಹೌದು ಅಂದ್ರೆ ಗ್ಲಾಸ್ ಮಾಡುವ ಮೊದಲು ಡಾಕ್ಟರ ಬಳಿ ಕಳಿಸಿ.

ದಲಾಲಿ ಅಂಗಡಿ, ಗಿರಣಿಯವರು: ಮೆಣಸಿನಕಾಯಿ, ಕಾಳು ಸುರಿಯುವ ಹುಡುಗರಿಗೆ ಪಕ್ಕ ಮುಚ್ಚಿದ ಕನ್ನಡಕ, ಕೈ-ಮುಖ ತೊಳೆಯಲು ಒಂದು ನಲ್ಲಿ ಕೊಡಿ. ಖಾರದ ಕೈ ಕಣ್ಣಿಗೆ ಹೋಗುವುದು ಅರ್ಧಕ್ಕರ್ಧ ತಪ್ಪುತ್ತೆ.

ಶಿಕ್ಷಕರು: ಪಾಠದ ಮಧ್ಯೆ ಕಣ್ಣು ಉಜ್ಜುವ, ಕಣ್ಣು ಕಿರಿದು ಮಾಡಿ ಬೋರ್ಡ್ ನೋಡುವ ಮಕ್ಕಳ ಹೆಸರು ಬರೆದಿಟ್ಟುಕೊಳ್ಳಿ. ತಪಾಸಣಾ ತಂಡ ಬಂದಾಗ ಆ ಪಟ್ಟಿ ಅವರ ಕೈಗೆ ಕೊಡಿ.

ಆರೋಗ್ಯ ಇಲಾಖೆ: ಶಾಲಾ ತಪಾಸಣೆಯ ಚೀಟಿಯಲ್ಲಿ ಎರಡು ಸಾಲು ಸೇರಿಸಿದರೆ ಸಾಕು. "ಕಣ್ಣು ತುರಿಕೆ ಇದೆಯೇ?" ಮತ್ತು "ಕಳೆದ ಬಾರಿಯ ನಂಬರ್ ಎಷ್ಟು?" ಎರಡಕ್ಕೂ ಉತ್ತರ ಬಂದ ಮಕ್ಕಳನ್ನು ನೇತ್ರಾಧಿಕಾರಿ ರೆಟಿನೋಸ್ಕೋಪ್‌ನಲ್ಲಿ ನೋಡಿ, ಅನುಮಾನ ಇದ್ದವರನ್ನು ತಿಂಗಳಿಗೊಂದು ದಿನ ಗೊತ್ತು ಮಾಡಿ ಒಟ್ಟಿಗೆ ಹುಬ್ಬಳ್ಳಿ ಅಥವಾ ದಾವಣಗೆರೆಗೆ ಟೊಪೋಗ್ರಫಿಗೆ ಕಳಿಸಬಹುದು. ಇದಕ್ಕೆ ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಬೇಡ. ಹನಿ ಕೊಡುವವರು, ಗ್ಲಾಸ್ ಕೊಡುವವರು, ತಪಾಸಣೆ ಮಾಡುವವರು ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಮುಟ್ಟಿಸಿದರೆ ಎಷ್ಟೋ ಮಕ್ಕಳ ಕಾರ್ನಿಯಾ 400 ಮೈಕ್ರಾನ್‌ಗೆ ಇಳಿಯುವ ಮೊದಲೇ ಸಿಕ್ಕಿಬೀಳುತ್ತೆ.